ಸ್ತೋತ್ರ ಯಾರಿಗೆ?

ಕಳೆದ ತಿಂಗಳು ಒಂದು ಮಂಗಳವಾರ ರಾತ್ರಿ. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ತಟ್ಟೆಯಲ್ಲಿ ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಒಂದು ಚೂರು ಈರುಳ್ಳಿ. ನಮ್ಮದು ಕ್ರೈಸ್ತ ಮನೆ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವುದು ನಮ್ಮ ತಾತನ ಕಾಲದಿಂದ ಬಂದ ರೂಢಿ. ಈಗ ಮನೆಗೆ ಹಿರಿಯ ನಾನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ. ಕಣ್ಣು ಮುಚ್ಚಿದೆ. ಸ್ವಾಮೀ, ಈ ಆಹಾರಕ್ಕಾಗಿ ನಿಮಗೆ ಸ್ತೋತ್ರ ಎಂದು ಶುರು ಮಾಡಿ, ಮಳೆಗೆ, ಬೆಳೆಗೆ, ಆರೋಗ್ಯಕ್ಕೆ, ತಲೆಯ ಮೇಲಿನ ಸೂರಿಗೆ ಸ್ತೋತ್ರ ಹೇಳಿ ಆಮೆನ್ ಅಂದೆ. ಕಣ್ಣು ಬಿಟ್ಟರೆ, ಮೂರನೇ ಕ್ಲಾಸಿನ ಮೊಮ್ಮಗ ತಟ್ಟೆಗೆ ಕೈ ಹಾಕದೆ ನನ್ನನ್ನೇ ನೋಡುತ್ತಿದ್ದ.

"ತಾತ, ದಿನಾ ಯೇಸುಸ್ವಾಮಿಗೆ ಥ್ಯಾಂಕ್ಸ್ ಹೇಳ್ತೀರ. ಮುದ್ದೆ ಮಾಡಿದ್ದು ಅಜ್ಜಿ ಅಲ್ವಾ?"

"ಹೌದು."

"ಅಜ್ಜಿಗೆ ಯಾವತ್ತೂ ಹೇಳಲ್ವಲ್ಲ?"

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ನನ್ನ ವಯಸ್ಸಿನ ಎಲ್ಲರ ಹತ್ತಿರವೂ ಇರುವ ಉತ್ತರವೇ. "ಮನೆಯವರಿಗೆಲ್ಲ ಥ್ಯಾಂಕ್ಸ್ ಹೇಳ್ತಾರೇನೋ? ಹೊರಗಿನವರಿಗೆ ಹೇಳೋದು ಅದು."

ಅವನು ಒಂದು ಕ್ಷಣ ಯೋಚಿಸಿದ. "ಹಾಗಾದ್ರೆ ಯೇಸುಸ್ವಾಮಿ ಹೊರಗಿನವರಾ?"

ನನ್ನ ಹೆಂಡತಿ ನಕ್ಕಳು. "ಮೊದ್ಲು ತಿನ್ನಿ ಇಬ್ರೂ, ಮುದ್ದೆ ಆರುತ್ತೆ" ಅಂದಳು. ಚರ್ಚೆ ಅಲ್ಲಿಗೆ ಮುಗಿಯಿತು. ಮೊಮ್ಮಗ ಮರೆತು ನಿದ್ದೆ ಹೋದ. ನನಗೆ ಮಾತ್ರ ನಿದ್ದೆ ಬರಲಿಲ್ಲ.

ನನ್ನ ಉತ್ತರ ಪೂರ್ತಿ ಸುಳ್ಳಲ್ಲ, ಅಜ್ಜಿ-ತಾತಂದಿರು ಒಪ್ಪುತ್ತೀರಿ. ನಮ್ಮ ಕಾಲದಲ್ಲಿ ಅಮ್ಮನಿಗೆ 'ಧನ್ಯವಾದ' ಅಂದಿದ್ದರೆ ಅವರು ಹುಡುಗನಿಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಆ ಪದ ಬರುತ್ತಿದ್ದುದು ಶಾಲೆಯ ವಾರ್ಷಿಕೋತ್ಸವದಲ್ಲಿ, ಅದೂ ಕೊನೆಗೆ, ವಂದನಾರ್ಪಣೆ ಮಾಡುವವರ ಬಾಯಲ್ಲಿ, ಅರ್ಧ ಜನ ಎದ್ದು ಹೋದ ಮೇಲೆ. ಹಾಗೆಂದು ಕನ್ನಡದವರಿಗೆ ಕೃತಜ್ಞತೆ ಗೊತ್ತಿರಲಿಲ್ಲ ಎನ್ನಬಹುದೇ? ದೊಡ್ಡಬಳ್ಳಾಪುರದ ಕಡೆಯ ನಮ್ಮಜ್ಜಿ, ಬಿಸಿಲಲ್ಲಿ ಯಾರಾದರೂ ಒಂದು ಲೋಟ ನೀರು ಕೊಟ್ಟರೆ, ಕುಡಿದು, ಲೋಟ ಕೆಳಗಿಟ್ಟು, "ನಿನ್ನ ಹೊಟ್ಟೆ ತಣ್ಣಗಿರಲಿ ಕಂದಾ" ಅನ್ನುತ್ತಿದ್ದರು. ಥ್ಯಾಂಕ್ಸ್ ಎಂದರೆ ಲೆಕ್ಕ ಚುಕ್ತಾ ಆದಂತೆ. ಇದು ಹಾಗಲ್ಲ, ಹರಕೆ. ಉಪ್ಪಿನ ಋಣ, ಅನ್ನದ ಋಣ ಎಂಬ ಮಾತುಗಳೂ ನಮ್ಮಲ್ಲಿವೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅಕ್ಷರ ಬಾರದವರಿಗೂ ಗೊತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ಬಗ್ಗೆ ಇರುವ ಗಾದೆ ನಿಮಗೆ ಗೊತ್ತಲ್ಲ, ಮಕ್ಕಳ ಪತ್ರಿಕೆಯಲ್ಲಿ ಅದನ್ನು ಪೂರ್ತಿ ಬರೆಯುವಂತಿಲ್ಲ.

ನಮ್ಮ ಕ್ರೈಸ್ತ ಮನೆಗಳಲ್ಲಿ ಇನ್ನೊಂದು ಪದ ಸೇರಿಕೊಂಡಿತು: ಸ್ತೋತ್ರ. ಬೇರೆ ಮನೆಗಳಲ್ಲಿ ಸ್ತೋತ್ರ ಎಂದರೆ ದೇವರ ಮುಂದೆ ಹೇಳುವ ಶ್ಲೋಕ. ನಮ್ಮಲ್ಲಿ ಅದು ವಂದನೆಯೂ ಹೌದು, ಕೃತಜ್ಞತೆಯೂ ಹೌದು, ನಿಟ್ಟುಸಿರೂ ಹೌದು. ಬಸ್ಸು ಸಿಕ್ಕಿತೇ? ಸ್ತೋತ್ರ. ಜ್ವರ ಇಳಿಯಿತೇ? ದೇವರಿಗೆ ಸ್ತೋತ್ರ. ಚರ್ಚಿನ ಬಾಗಿಲಲ್ಲಿ ಒಬ್ಬರನ್ನೊಬ್ಬರು ಕಂಡಾಗಲೂ ಸ್ತೋತ್ರ. ದಿನಕ್ಕೆ ಐವತ್ತು ಸಲ ಹೇಳುವ ಪದ ನಾಲಿಗೆಯ ಮೇಲೆ ಸವೆದು ನುಣ್ಣಗಾಗುತ್ತದೆ, ಹಳೆಯ ನಾಣ್ಯದ ಹಾಗೆ. ಮುಖ ಯಾವುದು, ಸಂಖ್ಯೆ ಯಾವುದು ಎಂದು ಕಾಣುವುದಿಲ್ಲ.

ಮಾರನೆಯ ದಿನ ಸಂಜೆ, ಸುಮ್ಮನೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. "ಏನು ಬೇಕು?" ಅಂದಳು. "ಏನೂ ಇಲ್ಲ, ನೋಡ್ತಿದ್ದೀನಿ" ಅಂದೆ. ಮುದ್ದೆ ಮಾಡುವುದನ್ನು ನೋಡಿದ್ದೀರಾ ಮಕ್ಕಳೇ? ಕುದಿಯುವ ನೀರಿಗೆ ಹಿಟ್ಟು ಸುರಿದು, ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ತಿರುವಬೇಕು. ಒಂದಿಷ್ಟೂ ಗಂಟಾಗಬಾರದು. ರಟ್ಟೆಯ ಬಲವೆಲ್ಲ ಅದಕ್ಕೇ ಬೇಕು. ಅವಳು ಪಾತ್ರೆಯನ್ನು ನೆಲಕ್ಕಿಟ್ಟು, ಇಕ್ಕಳದಿಂದ ಹಿಡಿದು, ಕೋಲನ್ನು ಎಡಗೈಯಲ್ಲಿ ತೆಗೆದುಕೊಂಡಳು. ನನಗೆ ಆಶ್ಚರ್ಯವಾಯಿತು. ಅವಳದು ಬಲಗೈ.

"ಎಡಗೈಯಲ್ಲಿ ಯಾಕೆ?"

"ಬಲಗೈ ಮಣಿಕಟ್ಟು ನೋವು. ತಿರುವಕ್ಕೆ ಆಗಲ್ಲ."

"ಯಾವಾಗಿಂದ?"

"ಯುಗಾದಿ ಮುಂಚೆಯಿಂದ."

ಯುಗಾದಿಯಿಂದ ಈಚೆಗೆ ಎಷ್ಟು ಮುದ್ದೆ ತಿಂದಿದ್ದೇನೆ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಪ್ರತಿ ಮುದ್ದೆಯ ಮುಂದೆಯೂ ಕಣ್ಣು ಮುಚ್ಚಿ ಸ್ತೋತ್ರ ಹೇಳಿದ್ದೇನೆ ಎಂಬುದಂತೂ ಖಂಡಿತ. ಕಣ್ಣು ಬಿಟ್ಟು ಒಂದು ಸಲ ನೋಡಿದ್ದರೆ ತಿಳಿಯುತ್ತಿತ್ತು.

ಆ ರಾತ್ರಿ ಲೂಕನ ಸುವಾರ್ತೆಯ 17ನೇ ಅಧ್ಯಾಯ ತೆಗೆದೆ. ಅಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ. ಆ ಕಾಲದಲ್ಲಿ ಆ ರೋಗ ಬಂದವರು ಊರ ಹೊರಗೆ ಇರಬೇಕಿತ್ತು, ಜನ ಬಂದರೆ ದೂರ ನಿಲ್ಲಬೇಕಿತ್ತು. ಹತ್ತು ಮಂದಿಯೂ ದೂರದಿಂದ ಕೂಗಿ ಯೇಸುವನ್ನು ಕರುಣಿಸು ಎಂದು ಬೇಡಿದರು. ಹೋಗಿ ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿ ಎಂದು ಅವರಿಗೆ ಅಪ್ಪಣೆಯಾಯಿತು. ರೋಗ ವಾಸಿಯಾಗಿದೆ ಎಂದು ಹೇಳಬೇಕಾದವರು ಆಗ ಯಾಜಕರೇ. ಹತ್ತೂ ಜನ ಹೊರಟರು, ಹೋಗುತ್ತ ಹೋಗುತ್ತ ದಾರಿಯಲ್ಲೇ ವಾಸಿಯಾದರು. ಒಬ್ಬನು ಮಾತ್ರ ತಿರುಗಿ ಬಂದ. ಅವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನಾಂಗದವನು.

ಚಿಕ್ಕವನಿದ್ದಾಗ ಭಾನುವಾರದ ಶಾಲೆಯಲ್ಲಿ ಈ ಕಥೆ ಕೇಳಿ ಆ ಒಂಬತ್ತು ಮಂದಿ ಕೆಟ್ಟವರು ಎಂದುಕೊಂಡಿದ್ದೆ. ಈಗ ಓದಿದರೆ ಹಾಗೆ ಅನಿಸುವುದಿಲ್ಲ. ಅವರು ಹೇಳಿದ ಮಾತು ಕೇಳಿದವರೇ. ಯಾಜಕರ ಬಳಿ ಹೋಗಿ ಅಂದರು, ಹೋದರು. ದೇವಾಲಯದಲ್ಲಿ ಸಲ್ಲಿಸಬೇಕಾದ ಕಾಣಿಕೆಯನ್ನೂ ಸಲ್ಲಿಸಿರಬಹುದು. ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದರೇನೋ. ಅವರಲ್ಲಿ ದೊಡ್ಡ ತಪ್ಪೇನೂ ಕಾಣದು. ಅವರು ಮುಂದಕ್ಕೆ ನಡೆದರು, ಅಷ್ಟೇ. ಒಬ್ಬನು ಹಿಂದಕ್ಕೆ ನಡೆದ. ನಾನು ಇಷ್ಟು ವರ್ಷ ಯಾವ ಗುಂಪಿನಲ್ಲಿದ್ದೆ ಎಂದು ನನಗೆ ಗೊತ್ತಾಯಿತು.

ಆ ವಾರವೇ ಅವಳನ್ನು ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಶನಿವಾರವಾದ್ದರಿಂದ ಮೊಮ್ಮಗನೂ ಜೊತೆಗೆ ಬಂದ. ಟೋಕನ್ ಹಿಡಿದು ಕಾಯುವಾಗ ಮಕ್ಕಳಿಗೆ ಹೊತ್ತು ಹೋಗಬೇಕಲ್ಲ, ಆಸ್ಪತ್ರೆಯ ಕಥೆಯನ್ನೇ ಹೇಳಿದೆ. ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳ ಜನ ಕಾಣಿಕೆ ಕೂಡಿಸಿದ್ದರಿಂದ 1973ರಲ್ಲಿ ಶುರುವಾದ ಆಸ್ಪತ್ರೆ ಇದು. ಆಗ ಹೆಬ್ಬಾಳ ಎಂದರೆ ಊರಾಚೆ. ಈಗಿನ ಮೇಲ್ಸೇತುವೆ ಇಲ್ಲ, ಆ ಕಡೆ ಕೆರೆ, ಈ ಕಡೆ ಹೊಲ. 1974ರಲ್ಲಿ ರೆಬೆಕಾ ನೇಲರ್ ಎಂಬ ಶಸ್ತ್ರವೈದ್ಯೆ ಟೆಕ್ಸಸ್‌ನಿಂದ ಇಲ್ಲಿಗೆ ಬಂದರು, ದಶಕಗಳ ಕಾಲ ಇಲ್ಲೇ ದುಡಿದರು.

"ಕಾಣಿಕೆ ಹಾಕಿದವರು ಇಲ್ಲಿಗೆ ಬಂದು ನೋಡಿದ್ರಾ?" ಎಂದು ಹುಡುಗ ಕೇಳಿದ.

ಬಹಳ ಜನ ನೋಡಿರಲಾರರು. ಯಾವುದೋ ಊರಿನ ಯಾವುದೋ ಅಜ್ಜಿ ಕೊಟ್ಟ ಒಂದು ಡಾಲರು, ಐವತ್ತು ವರ್ಷಗಳ ಮೇಲೆ ನನ್ನ ಹೆಂಡತಿಯ ಮಣಿಕಟ್ಟಿಗೆ ಬಂದು ತಲುಪಿದೆ. ಆ ಅಜ್ಜಿಗೆ ಥ್ಯಾಂಕ್ಸ್ ಹೇಳುವುದು ಹೇಗೆ ಎಂಬುದು ಅವನ ಮುಂದಿನ ಪ್ರಶ್ನೆ. ನಮ್ಮ ಟೋಕನ್ ನಂಬರು ಕರೆದರು, ನಾನು ಬಚಾವಾದೆ.

ಮಣಿಕಟ್ಟಿನಲ್ಲಿ ಊತ ಇದೆ, ಒಂದೂವರೆ ತಿಂಗಳು ಕೈ ತಿರುಚುವ ಯಾವ ಕೆಲಸವೂ ಕೂಡದು ಎಂದು ಹೇಳಿ ಪಟ್ಟಿ ಕಟ್ಟಿದರು. ಬಟ್ಟೆ ಹಿಂಡುವಂತಿಲ್ಲ, ತೆಂಗಿನಕಾಯಿ ತುರಿಯುವಂತಿಲ್ಲ, ಮುದ್ದೆ ತಿರುವುವಂತಿಲ್ಲ.

ಮನೆಗೆ ಬಂದು ಮೊಮ್ಮಗನೂ ನಾನೂ ಒಂದು ಆಟ ಆಡಿದೆವು. ತಿರುಗಿ ಬಂದ ಆ ಮನುಷ್ಯನ ಹಾಗೆ, ತಟ್ಟೆಯಲ್ಲಿರುವ ಮುದ್ದೆಯಿಂದ ಹಿಂದಕ್ಕೆ ನಡೆಯುವ ಆಟ. ಒಬ್ಬೊಬ್ಬರಾಗಿ ಯಾರು ಸಿಗುತ್ತಾರೆ ನೋಡೋಣ ಎಂದು. ಮೊದಲು ಅಜ್ಜಿ. ಅಜ್ಜಿಯ ಹಿಂದೆ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿದ ಹುಡುಗ. ಆಮೇಲೆ ಹಿಟ್ಟಿನ ಗಿರಣಿಯವರು, ಮೈಯೆಲ್ಲ ಬೂದು ಬಣ್ಣ. ಆಮೇಲೆ ನೀರು. ನಮ್ಮ ಬೀದಿಯ ನಲ್ಲಿಗೆ ಬರುವುದು ಕಾವೇರಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಮೂರು ಹಂತಗಳಲ್ಲಿ ಪಂಪು ಮಾಡಿ, ಬೆಟ್ಟ ಹತ್ತಿಸಿದಂತೆ ಮೇಲಕ್ಕೆತ್ತಿ ತರುತ್ತಾರೆ. ಅಲ್ಲಿ ರಾತ್ರಿಪಾಳಿಯಲ್ಲಿ ಪಂಪಿನ ಮುಂದೆ ಕೂತವರಿಗೆ ಯಾರು ಸ್ತೋತ್ರ ಹೇಳುತ್ತಾರೆ? ಯಲಹಂಕದ ಆಚೆ ಇರುವ ನಮ್ಮ ನೆಂಟರ ಬಡಾವಣೆಯಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರ್ ಡ್ರೈವರನೇ ದೊಡ್ಡ ಮನುಷ್ಯ. ಅವನ ಹೆಸರು ಎಲ್ಲರಿಗೂ ಗೊತ್ತು, ಹುಟ್ಟಿದ ಹಬ್ಬವೂ ಗೊತ್ತು. ನಲ್ಲಿ ತಿರುಗಿಸಿದರೆ ನೀರು ಬರುವ ನಮಗೆ ಯಾರ ಹೆಸರೂ ಗೊತ್ತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ರಾಗಿ. ಈ ಭಾಗ ನನಗೆ ಬಹಳ ಇಷ್ಟವಾದದ್ದು. ರಾಗಿ ಮೂಲದಲ್ಲಿ ನಮ್ಮದಲ್ಲ ಮಕ್ಕಳೇ, ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಧಾನ್ಯ. ಬಂದು ನಮ್ಮದೇ ಆಗಿಹೋಯಿತು. ಕಳೆದ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇಲ್ಲಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಮತ್ತೆ ಕೂಡಿಸಿ ಹೊಸ ತಳಿಗಳನ್ನು ಮಾಡಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಅವಕ್ಕೆ 'ಇಂಡಾಫ್' ಎಂದು ಹೆಸರಾಯಿತು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಅದರಲ್ಲಿ ತಳಿ ಬೆರೆಸುವುದು ಸೂಜಿಯ ಮೊನೆಯಲ್ಲಿ ಮಾಡುವ ಕೆಲಸ. ಇಳುವರಿ ಏರಿತು, ಬಡವರ ಮನೆಯ ಮಡಕೆ ತುಂಬಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಾನು ಅವರ ರಾಗಿ ಎಷ್ಟು ತಿಂದಿದ್ದೇನೋ ಏನೋ, ಊಟದ ಪ್ರಾರ್ಥನೆಯಲ್ಲಿ ಅವರ ಹೆಸರು ಒಂದು ದಿನವೂ ಬಂದಿರಲಿಲ್ಲ.

"ಲಕ್ಷ್ಮಣಯ್ಯ ಕ್ರಿಶ್ಚಿಯನ್ನಾ?" ಎಂದ ಮೊಮ್ಮಗ.

ಅಲ್ಲ ಎಂದೆ. ಲೂಕನ ಕಥೆಯ ಸಮಾರ್ಯದವನೂ ಒಳಗಿನವನಾಗಿರಲಿಲ್ಲ ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವನು ರಾಗಿ ಬೆಳೆದ ರೈತರನ್ನು ಹುಡುಕಿಕೊಂಡು ಇನ್ನೂ ಹಿಂದಕ್ಕೆ ಹೋಗಿಬಿಟ್ಟಿದ್ದ.

ಈ ಹಿಂದಕ್ಕೆ ನಡೆಯುವ ಆಟ ಹೊಸದೇನಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಪ್ರಥಮ ಫಲದ ವಿಧಿ ಇದೆ. ಇಸ್ರಾಯೇಲಿನ ರೈತ ಹೊಸ ಬೆಳೆಯನ್ನು ಬುಟ್ಟಿಯಲ್ಲಿ ತಂದು ಯಜ್ಞವೇದಿಯ ಮುಂದೆ ಇಡಬೇಕು. ಇಟ್ಟು ಸುಮ್ಮನೆ ಹೋಗುವಂತಿಲ್ಲ. ನಮ್ಮ ಹಿರಿಯರು ನೆಲೆ ಇಲ್ಲದೆ ಅಲೆಯುತ್ತಿದ್ದರು, ಐಗುಪ್ತದಲ್ಲಿ ದಾಸರಾಗಿದ್ದರು, ಅಲ್ಲಿಂದ ಬಿಡುಗಡೆ ಸಿಕ್ಕಿತು, ಆಮೇಲೆ ಈ ನೆಲ ಸಿಕ್ಕಿತು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಪರದೇಶಿಯನ್ನೂ ಜೊತೆಗೆ ಕೂರಿಸಿಕೊಂಡು ಸಂತೋಷಪಡಬೇಕು. ಬುಟ್ಟಿಯ ಜೊತೆಗೆ ನೆನಪನ್ನೂ ತರಬೇಕು ಎಂದಾಯಿತು.

ಆ ಬುಟ್ಟಿಯೇ ಸುತ್ತಿ ಬಳಸಿ ನಮ್ಮ ಕನ್ನಡ ಸಭೆಗಳ ಸುಗ್ಗಿಹಬ್ಬವಾಗಿದೆ. ಒಂದೊಂದು ಚರ್ಚಿನಲ್ಲಿ ಒಂದೊಂದು ಭಾನುವಾರ. ಕಂಬಗಳಿಗೆ ಕಬ್ಬು, ಬಾಳೆಕಂದು, ಜೋಳದ ತೆನೆ ಕಟ್ಟುತ್ತಾರೆ. ಕುಂಬಳಕಾಯಿ, ಅವರೆ, ಹಲಸು, ಮೊಟ್ಟೆ, ಜೀವಂತ ಕೋಳಿ, ಮನೆಯಲ್ಲಿ ಮಾಡಿದ ಕಜ್ಜಾಯ, ಹೆಣೆದ ಸ್ವೆಟರು, ಎಲ್ಲವೂ ವೇದಿಕೆಯ ಮುಂದೆ. ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು. ಪ್ರಸಂಗದ ನಡುವೆ ಕೋಳಿ ಕೂಗಿದರೆ ಮಕ್ಕಳಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಕರಾವಳಿಯಿಂದ ಬಂದ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಇದೇ ಸಡಗರ ಸೆಪ್ಟೆಂಬರ್ 8ಕ್ಕೆ, ಮಾತೆ ಮರಿಯಮ್ಮನವರ ಹುಟ್ಟುಹಬ್ಬದ ದಿನ. ಮೊಂತಿ ಹಬ್ಬ ಎನ್ನುತ್ತಾರೆ. ಒಂಬತ್ತು ದಿನ ಮಕ್ಕಳು ಹೂವು ಅರ್ಪಿಸುತ್ತಾರೆ. ಕೊನೆಯ ದಿನ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ಬರುತ್ತದೆ, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಗೆಲ್ಲ ಹಂಚುತ್ತಾರೆ. ಅಂದು ಮನೆಯಲ್ಲಿ ಮೀನು ಮಾಂಸ ಇಲ್ಲ. ಕೊಡಗಿನ ಹುತ್ತರಿ ನೋಡಿದವರಿಗೆ, ಬಾಗಿಲಿಗೆ ಕದಿರು ಕಟ್ಟುವವರಿಗೆ ಇದೆಲ್ಲ ಹೊಸದಾಗಿ ಕಾಣುವುದಿಲ್ಲ.

ನನ್ನ ಸಂಕಟ ಏನೆಂದರೆ, ನಮ್ಮ ಉತ್ತರ ಬೆಂಗಳೂರಿನಲ್ಲಿ ಸುಗ್ಗಿ ಎಲ್ಲಿದೆ? ನಾನು ಹುಡುಗನಾಗಿದ್ದಾಗ ಹರಾಜಿಗೆ ದೇವನಹಳ್ಳಿಯ ಚಕ್ಕೋತ ಬುಟ್ಟಿ ಬುಟ್ಟಿಯಾಗಿ ಬರುತ್ತಿತ್ತು. ಒಳಗೆ ಕೆಂಪು, ಸಿಹಿ, ಮಕ್ಕಳ ತಲೆಯಷ್ಟು ದಪ್ಪ. ಈಗ ಅದಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ತೋಟಗಳು ಮಾತ್ರ ವಿರಳ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆಯ ನೆಲದ ಬೆಲೆಯೇ ಬೇರೆ. ಈಗ ಸುಗ್ಗಿಹಬ್ಬಕ್ಕೆ ಬಹಳ ಮನೆಗಳಿಂದ ಬರುವುದು ಸೂಪರ್ ಮಾರ್ಕೆಟ್ಟಿನ ಸೇಬು, ಸ್ಟಿಕ್ಕರು ಕೂಡ ತೆಗೆದಿರುವುದಿಲ್ಲ. ಹೋದ ವರ್ಷ ಮೊಮ್ಮಗ ಬಾಲ್ಕನಿಯ ಕುಂಡದಿಂದ ದೊಡ್ಡಪತ್ರೆಯ ಒಂದು ಹಿಡಿ ಕಿತ್ತು, ದಾರ ಸುತ್ತಿ ತಂದಿಟ್ಟ. ಹರಾಜಿನಲ್ಲಿ ಅದು 300 ರೂಪಾಯಿಗೆ ಹೋಯಿತು. ಕೊಂಡವರು ಅದನ್ನು ಅವನ ಕೈಗೇ ವಾಪಸು ಕೊಟ್ಟು, ಅಜ್ಜಿಗೆ ಕೊಡು, ಬಜ್ಜಿ ಮಾಡಲಿ ಅಂದರು. ದೊಡ್ಡ ಹಣ ಕೂಗಿ ಸುತ್ತಲೂ ತಿರುಗಿ ನೋಡುವವರೂ ಇರುತ್ತಾರೆ ಬಿಡಿ, ಅವರ ಹಣದಿಂದಲೂ ಚರ್ಚಿನ ಛಾವಣಿ ರಿಪೇರಿಯಾಗುತ್ತದೆ.

ಕಾಣಿಕೆಯ ವಿಷಯಕ್ಕೆ ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ಸಭೆಗಳಲ್ಲಿ 'ಸ್ತೋತ್ರ ಕಾಣಿಕೆ' ಎಂಬ ಕವರು ಇರುತ್ತದೆ. ಹುಟ್ಟಿದ ಹಬ್ಬ, ಮದುವೆಯ ದಿನ, ಹೊಸ ಮನೆ, ಮಗನಿಗೆ ಕೆಲಸ, ಮೊಮ್ಮಗಳಿಗೆ ರ‍್ಯಾಂಕು: ಕಾರಣ ಬರೆದು ಹಣ ಹಾಕುತ್ತಾರೆ, ಪಾಸ್ಟರು ಓದಿ ಪ್ರಾರ್ಥಿಸುತ್ತಾರೆ. ಬಹಳ ವರ್ಷ ಆ ಕವರುಗಳನ್ನು ಬಿಚ್ಚಿ ಎಣಿಸುವ ಕೆಲಸ ನನ್ನದಾಗಿತ್ತು. ಪರೀಕ್ಷೆಯ ಫಲಿತಾಂಶ ಬಂದ ವಾರ ಕವರುಗಳು ಹೆಚ್ಚು. ಹಾಗೊಂದು ವಾರ, ಪಿ.ಯು.ಸಿ. ಫಲಿತಾಂಶ ಬಂದ ಮೇಲೆ, ಒಂದು ಕವರು ಬಂತು. ಒಳಗೆ ಐವತ್ತು ರೂಪಾಯಿ. ಮೇಲೆ ಪೆನ್ಸಿಲ್ಲಿನಲ್ಲಿ, "ಮೊಮ್ಮಗಳಿಗಾಗಿ ಸ್ತೋತ್ರ." ಕೊಟ್ಟವರು ಯಶವಂತಪುರದ ಒಬ್ಬ ಅಜ್ಜಿ. ಅಲ್ಲಿನ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ ಮಾಡುತ್ತಿದ್ದರು.

ಆ ಹುಡುಗಿ ಫೇಲಾಗಿದ್ದಳು. ಅದು ನನಗೆ ಗೊತ್ತಿತ್ತು, ಸಭೆಗೆಲ್ಲ ಗೊತ್ತಿತ್ತು. ಪಾಪ, ಅಜ್ಜಿಗೆ ಯಾರೋ ಸರಿಯಾಗಿ ಹೇಳಿಲ್ಲ, ಪಾಸಾಯಿತು ಎಂದುಕೊಂಡು ಹಾಕಿದ್ದಾರೆ, ಎಲ್ಲರ ಮುಂದೆ ಓದಿದರೆ ಮುಜುಗರವಾಗುತ್ತದೆ ಎಂದು ಭಾವಿಸಿ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ.

"ಗೊತ್ತು ಸಾರ್. ಎರಡು ಸಬ್ಜೆಕ್ಟು ಹೋಗಿದೆ" ಅಂದರು.

ಫಲಿತಾಂಶ ನೋಡಿದ ದಿನ ಮಧ್ಯಾಹ್ನ ಹುಡುಗಿ ಯಾರಿಗೂ ಹೇಳದೆ ಮನೆ ಬಿಟ್ಟು ಹೋಗಿದ್ದಳಂತೆ. ಫೋನು ಸ್ವಿಚ್ ಆಫ್. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಹುಡುಕಿದರು. ಅವಳು ಯಶವಂತಪುರ ರೈಲು ನಿಲ್ದಾಣದ ಬೆಂಚಿನ ಮೇಲೆ ಆರು ಗಂಟೆ ಕಾಲ ಕೂತಿದ್ದಳು. ಯಾವ ಯಾವ ಊರಿಗೋ ಹೋಗುವ ರೈಲುಗಳು ಬಂದವು, ಹೋದವು. ಕತ್ತಲಾದ ಮೇಲೆ ಎದ್ದು ಮನೆಗೆ ತಿರುಗಿ ಬಂದಳು. ಬಾಗಿಲು ತೆರೆದದ್ದು ಅಜ್ಜಿ. ಏನೂ ಕೇಳಲಿಲ್ಲವಂತೆ. ಕೈಕಾಲು ತೊಳಿ, ಊಟ ಮಾಡು ಅಂದರಂತೆ.

"ರಿಸಲ್ಟಿಗಲ್ಲ ಸಾರ್ ಅದು. ಮಗು ಬಾಗಿಲು ತಟ್ಟಿತಲ್ಲ, ಅದಕ್ಕೆ."

ಆ ಹುಡುಗಿ ಆಮೇಲೆ ಪಾಸಾದಳೇ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುವಾಗ ಅಜ್ಜಿಗೂ ಅದು ಗೊತ್ತಿರಲಿಲ್ಲ. ಈ ಅಂಕಣ ಓದುವ ಮಕ್ಕಳಲ್ಲಿ ಯಾರಾದರೂ ಮಾರ್ಕ್ಸ್ ಕಾರ್ಡು ಬ್ಯಾಗಿನಲ್ಲೇ ಇಟ್ಟುಕೊಂಡು ಮನೆಗೆ ಹೋಗಲು ಹೆದರುತ್ತಿದ್ದರೆ, ಹೋಗಿ ಬಾಗಿಲು ತಟ್ಟಿ. ನಿಮ್ಮ ಅಜ್ಜಿಯ ಹತ್ತಿರವೂ ಒಂದು ಕವರು ಇರುತ್ತದೆ.

ಹಾಗಾದರೆ ಕಷ್ಟದಲ್ಲೂ ಸ್ತೋತ್ರವೇ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸಾವಿನ ಮನೆಗೆ ಹೋಗಿ, ಅಳುವವರ ಮುಂದೆ ನಿಂತು, ಎಲ್ಲಕ್ಕೂ ದೇವರಿಗೆ ಸ್ತೋತ್ರ ಮಾಡಿ ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಪೌಲನು ಥೆಸಲೋನಿಕದವರಿಗೆ ಬರೆದದ್ದು ಎಲ್ಲ ಸಂದರ್ಭದಲ್ಲಿಯೂ ಕೃತಜ್ಞರಾಗಿರಿ ಎಂದು. ಬಂದ ಕೇಡಿಗೆಲ್ಲ ಕೃತಜ್ಞರಾಗಿರಿ ಎಂದಲ್ಲ. ಬೈಬಲ್ಲಿನ ಕೀರ್ತನೆಗಳಲ್ಲಿ ಹೊಗಳಿಕೆ ಎಷ್ಟಿದೆಯೋ ಗೋಳೂ ಅಷ್ಟೇ ಇದೆ. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುವೇ ಕಣ್ಣೀರು ಹಾಕಿದ. ಅಳಬೇಕಾದಲ್ಲಿ ಅಳಬೇಕು.

ಆದರೂ ಒಂದು ಸಂಗತಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುತ್ತದೆ. ಐದು ಸಾವಿರ ಮಂದಿಗೆ ಊಟ ಬಡಿಸಿದ ಕಥೆ ನೆನಪಿದೆಯಲ್ಲ? ಇದ್ದದ್ದು ಒಬ್ಬ ಹುಡುಗನ ಬಳಿಯ ಐದು ಜವೆಗೋಧಿಯ ರೊಟ್ಟಿ, ಎರಡು ಮೀನು. ಯೇಸು ಸ್ತೋತ್ರ ಮಾಡಿದ್ದು ಎಲ್ಲರ ಹೊಟ್ಟೆ ತುಂಬಿದ ಮೇಲಲ್ಲ. ರೊಟ್ಟಿ ಇನ್ನೂ ಐದೇ ಇದ್ದಾಗ, ಸಾಲದು ಎಂದು ಎಲ್ಲರಿಗೂ ಕಾಣುತ್ತಿದ್ದಾಗ. (ಆ ಐದು ರೊಟ್ಟಿ ಸುಟ್ಟವರು ಯಾರು ಎಂದು ಸುವಾರ್ತೆಯಲ್ಲಿ ಇಲ್ಲ. ಹುಡುಗನ ಅಮ್ಮನೋ ಅಜ್ಜಿಯೋ ಇರಬೇಕು. ಈಚೆಗೆ ಇಂಥವು ನನ್ನ ಕಣ್ಣಿಗೆ ಬೀಳುತ್ತಿವೆ.) ತನ್ನನ್ನು ಹಿಡಿದುಕೊಡಲಿದ್ದ ರಾತ್ರಿಯೂ ಅವನು ರೊಟ್ಟಿ ಎತ್ತಿಕೊಂಡು ಸ್ತೋತ್ರ ಮಾಡಿದ. ಅದಕ್ಕೇ ಕರ್ತನ ಭೋಜನಕ್ಕೆ 'ಯೂಕರಿಸ್ಟ್' ಎಂಬ ಹೆಸರೂ ಇದೆ. ಗ್ರೀಕಿನಲ್ಲಿ ಅದರ ಅರ್ಥ ಕೃತಜ್ಞತೆ. ಇವತ್ತಿಗೂ ಅಥೆನ್ಸಿನ ಅಂಗಡಿಯಲ್ಲಿ ಮಕ್ಕಳು ಚಾಕೊಲೇಟು ಕೊಂಡು 'ಎಫ್ಖಾರಿಸ್ತೋ' ಎನ್ನುತ್ತಾರೆ, ಅದೇ ಪದ.

ಜರ್ಮನಿಯ ಐಲೆನ್‌ಬುರ್ಗ್ ಎಂಬ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿ ಇದ್ದರು. ಮೂವತ್ತು ವರ್ಷಗಳ ಯುದ್ಧದ ಕಾಲ. ಕೋಟೆಯೊಳಗೆ ಹಳ್ಳಿಗಳಿಂದ ಓಡಿಬಂದ ಜನ ತುಂಬಿದ್ದರು, ಹಸಿವು, ಅದರ ಮೇಲೆ 1637ರಲ್ಲಿ ಪ್ಲೇಗು. ಬೇರೆ ಪಾದ್ರಿಗಳು ಸತ್ತರು, ಉಳಿದವರು ಇವರೊಬ್ಬರೇ. ಆ ಒಂದು ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಅಂತ್ಯಸಂಸ್ಕಾರ ಮಾಡಿದರು. ಅವರಲ್ಲಿ ಅವರ ಹೆಂಡತಿಯೂ ಒಬ್ಬರು. ಆ ಕೆಟ್ಟ ಕಾಲದ ಆಸುಪಾಸಿನಲ್ಲೇ ಅವರು ಒಂದು ಹಾಡು ಬರೆದರು. ಲೋಕದ ಚರ್ಚುಗಳಲ್ಲೆಲ್ಲ ದೊಡ್ಡ ದೊಡ್ಡ ಸಮಾರಂಭಗಳಲ್ಲಿ ಇಂದಿಗೂ ಹಾಡುವ ಕೃತಜ್ಞತೆಯ ಗೀತೆ ಅದು. ಅವರು ಅದನ್ನು ಕರೆದದ್ದು 'ಊಟದ ಪುಟ್ಟ ಪ್ರಾರ್ಥನೆ' ಎಂದು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳುವುದಕ್ಕೆ. ಆ ಮನೆಯ ತಟ್ಟೆಗಳಲ್ಲಿ ಆಗ ಏನಿತ್ತೋ!

ನಮ್ಮ ಮನೆಯ ತಟ್ಟೆಗೆ ವಾಪಸು ಬರುತ್ತೇನೆ. ಒಂದೂವರೆ ತಿಂಗಳಿನಲ್ಲಿ ಮೂರು ವಾರ ಕಳೆದಿದೆ. ಮುದ್ದೆಯ ಕೋಲು ಈಗ ನನ್ನ ಕೈಯಲ್ಲಿ. ಮೊದಲನೆಯ ದಿನ ನೀರು ಹೆಚ್ಚಾಗಿ ಅಂಬಲಿಯಾಯಿತು, ಲೋಟದಲ್ಲಿ ಕುಡಿದೆವು. ಎರಡನೆಯ ದಿನ ಹಿಟ್ಟು ಹೆಚ್ಚಾಗಿ ಕೋಲೇ ಸಿಕ್ಕಿಕೊಂಡಿತು. ಹೆಂಡತಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಾಳೆ: ಉರಿ ಕಮ್ಮಿ ಮಾಡಿ, ಈಗಲೇ ತಿರುವಬೇಡಿ, ಬೇಯಲಿ, ಕೈ ಒದ್ದೆ ಮಾಡಿಕೊಳ್ಳಿ. ನನ್ನ ರಟ್ಟೆ ನೋಯುತ್ತದೆ, ಹೇಳುವುದಿಲ್ಲ. ಅವಳಿಗೆ ಥ್ಯಾಂಕ್ಸ್ ಎಂಬ ಪದ ಈಗಲೂ ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ. ಒಂದು ಸಲ ಹೇಳಿ ನೋಡಿದೆ. "ಏನಾಗಿದೆ ನಿಮಗೆ?" ಎಂದಳು, ಆದರೆ ಆ ದಿನವೆಲ್ಲ ಖುಷಿಯಾಗಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು.

ನಿನ್ನೆ ರಾತ್ರಿ ಪ್ರಾರ್ಥನೆಯ ಸರದಿ ಮೊಮ್ಮಗನದು. ಕಣ್ಣು ಮುಚ್ಚಬೇಡ, ಬೇಕಾದರೆ ಬಿಟ್ಟುಕೊಂಡೇ ಮಾಡು ಎಂದಿದ್ದೆ. ಅವನು ತಟ್ಟೆಯನ್ನು ಚೆನ್ನಾಗಿ ನೋಡಿಕೊಂಡು ಶುರು ಮಾಡಿದ. ರಾಗಿ ಬೆಳೆದ ಅಂಕಲ್‌ಗೆ, ಲಕ್ಷ್ಮಣಯ್ಯ ತಾತನಿಗೆ, ನೀರು ಪಂಪು ಮಾಡುವವರಿಗೆ, ಗ್ಯಾಸ್ ಅಣ್ಣನಿಗೆ, ಹೇಳಿಕೊಡುವ ಅಜ್ಜಿಗೆ ಎಲ್ಲರಿಗೂ ಒಳ್ಳೇದು ಮಾಡಿ ಎಂದ. ಕೊನೆಗೆ ಒಂದು ಕ್ಷಣ ನಿಲ್ಲಿಸಿ ನನ್ನ ಕಡೆ ನೋಡಿದ.

"ತಾತ ಮಾಡಿದ ಮುದ್ದೆಗೂ ಸ್ತೋತ್ರ ಸ್ವಾಮೀ. ಗಂಟು ಇದೆ, ಆದ್ರೂ."

ಆಮೆನ್ ಎಂದು ಮೂವರೂ ಹೇಳಿ, ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು ಊಟ ಮಾಡಿದೆವು.